ಎಲ್ಲರಿಗೂ ಓಸಿಡಿ, ಎಲ್ಲರಿಗೂ ಟ್ರಾಮಾ: ಈ ಪದಗಳನ್ನು ಯಾರಾದರೂ ಬಿಡಿಸಿ ಹೇಳ್ತೀರಾ?

ಬೈಟು_ಕಾಫಿ, ಬಸವನಗುಡಿ

ನಮ್ಮ ಆಫೀಸಿನಲ್ಲಿ ಈಗ ಯಾರಿಗೂ ಬೇಜಾರಾಗುವುದಿಲ್ಲ. ಎಲ್ಲರೂ ನೇರವಾಗಿ ಡಿಪ್ರೆಷನ್‌ಗೇ ಹೋಗುತ್ತಾರೆ. ಊಟದ ಡಬ್ಬಿ ಮುಚ್ಚಳ ಸರಿಯಾಗಿ ಹಾಕು ಅಂದವಳಿಗೆ ಓಸಿಡಿ. ಬೆಳಿಗ್ಗೆ ನಗುತ್ತಾ ಬಂದು ಮಧ್ಯಾಹ್ನದ ಕಾಲ್ ಮುಗಿಯುವ ಹೊತ್ತಿಗೆ ಸಿಡುಕುವ ಮ್ಯಾನೇಜರ್ ಬೈಪೋಲಾರ್. ಸಿಲ್ಕ್ ಬೋರ್ಡ್ ದಾಟಿ ಬರುವುದು ಟ್ರಾಮಾ. ಮನೆಯಲ್ಲೂ ಅಷ್ಟೇ. ಕಾಲೇಜಿಗೆ ಹೋಗುವ ತಂಗಿ ಮೊನ್ನೆ ಅಮ್ಮನಿಗೆ "ನೀನು ನನ್ನ ಗ್ಯಾಸ್‌ಲೈಟ್ ಮಾಡ್ತಿದೀಯ" ಅಂದಳು. ಅಮ್ಮ ಎದ್ದು ಹೋಗಿ ಒಲೆ ಆರಿಸಿದ್ದೀನಾ ಅಂತ ನೋಡಿಕೊಂಡು ಬಂದರು.

ನಗಿಸೋಕೆ ಬರೆದಿದ್ದಲ್ಲ, ನಿಜವಾಗಿ ನಡೆದದ್ದು. ನನಗೆ ಬೇಕಿರುವುದು ಒಂದೇ. ಸ್ವಭಾವ ಎಲ್ಲಿ ಮುಗಿಯುತ್ತದೆ, ಕಾಯಿಲೆ ಎಲ್ಲಿ ಶುರುವಾಗುತ್ತದೆ? ರೀಲ್ಸ್‌ನಲ್ಲಿ ಐದು ಲಕ್ಷಣ ಹೇಳುತ್ತಾರೆ, ನೋಡಿದರೆ ಐದೂ ನನಗಿವೆ. ಓದಿದವರು, ಅನುಭವ ಇರುವವರು ಸರಳವಾಗಿ ಹೇಳಿ.

ರಾಜಾಜಿನಗರ_ರಾಯರು

ಫೋನ್ ಕೆಳಗಿಡಿ, ಐದೂ ಹೋಗುತ್ತವೆ. ನಮ್ಮಜ್ಜಿ ಒಂಬತ್ತು ಮಕ್ಕಳನ್ನು ಸಾಕಿದರು. ಅವರಿಗೆ ಇದ್ಯಾವುದೂ ಇರಲಿಲ್ಲ.

ವಾರ್ಡ್_ಪಕ್ಕದ_ರೂಮು

ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ಆಸ್ಪತ್ರೆ ಹೆಸರು ಬೇಡ. ಇಲ್ಲಿ ಯಾರಿಗೂ ಕಾಯಿಲೆ ಇದೆ, ಇಲ್ಲ ಅಂತ ಹೇಳುವುದಿಲ್ಲ, ಪದಗಳ ಬಗ್ಗೆ ಮಾತ್ರ ಮಾತಾಡುತ್ತೇನೆ.

ರೀಲ್ಸ್‌ನಲ್ಲಿ ಹೇಳುವ ಲಕ್ಷಣಗಳು ಪೂರ್ತಿ ಸುಳ್ಳಲ್ಲ. ಆದರೆ ಲಕ್ಷಣದ ಪಟ್ಟಿ ಅರ್ಧ ಮಾತು ಮಾತ್ರ. ನಾವು ಕೇಳುವುದು ಬೇರೆ ಪ್ರಶ್ನೆಗಳನ್ನು. ಎಷ್ಟು ದಿನದಿಂದ? ದಿನದಲ್ಲಿ ಎಷ್ಟು ಹೊತ್ತು? ಇದರಿಂದ ಕೆಲಸ, ಊಟ, ನಿದ್ದೆ, ಸಂಬಂಧ ಯಾವುದು ನಿಂತಿದೆ? ಬೇಜಾರು ಎಲ್ಲರಿಗೂ ಇದೆ. ದಿನದ ಬಹುಪಾಲು ಹೊತ್ತು, ಹೆಚ್ಚುಕಡಿಮೆ ಪ್ರತಿದಿನ, ಕಡಿಮೆ ಅಂದರೂ ಎರಡು ವಾರ ಮನಸ್ಸು ಕುಗ್ಗಿ ಹೋಗಿರಬೇಕು ಅಥವಾ ಮೊದಲು ಇಷ್ಟಪಡುತ್ತಿದ್ದ ಯಾವುದರಲ್ಲೂ ಆಸಕ್ತಿ ಇರಬಾರದು. ಅದರ ಜೊತೆಗೆ ನಿದ್ದೆ, ಹಸಿವು, ಸುಸ್ತು, ಗಮನ ನಿಲ್ಲದಿರುವುದು, "ನಾನು ದಂಡ" ಎನ್ನುವ ಭಾವನೆ, ಸಾಯುವ ಯೋಚನೆ. ಹೀಗೆ ಒಂಬತ್ತರ ಪಟ್ಟಿಯಲ್ಲಿ ಕನಿಷ್ಠ ಐದು ಕಾಣಬೇಕು. ಆಗ ಡಿಪ್ರೆಷನ್ ಎನ್ನುವ ಮಾತು ಬರುತ್ತದೆ. ಶುಕ್ರವಾರ ರಾತ್ರಿ ಸರಿಹೋಗುವ ಬೇಜಾರಿಗೆ ಅಲ್ಲ.

ಇನ್ನೊಂದು ವಿಷಯ, ಇದನ್ನು ರೀಲ್ಸ್ ಹೇಳುವುದಿಲ್ಲ. ನಮ್ಮ ಕಡೆಯವರು ಅನೇಕರು "ಮನಸ್ಸಿಗೆ ಬೇಸರ" ಅಂತ ಬರುವುದೇ ಇಲ್ಲ. ಮೈಕೈ ನೋವು, ತಲೆಭಾರ, ಎದೆ ಹಿಂಡಿದ ಹಾಗೆ, ಕೈಕಾಲಲ್ಲಿ ಶಕ್ತಿ ಇಲ್ಲ ಅಂತ ಬರುತ್ತಾರೆ. ಜನರಲ್ ಡಾಕ್ಟರ್ ಹತ್ತಿರ ರಕ್ತ, ಸ್ಕ್ಯಾನು ಎಲ್ಲಾ ಆಗಿ, ಎಲ್ಲಾ ನಾರ್ಮಲ್ ಅಂತ ಬಂದು, ಮನೆಯವರು "ನಾಟಕ" ಅಂದ ಮೇಲೆ ನಮ್ಮ ಹತ್ತಿರ ಬರುತ್ತಾರೆ. ಹಾಗಾಗಿ ಡಿಪ್ರೆಷನ್ ಅನ್ನುವ ಪದ ಒಂದು ಕಡೆ ತೀರಾ ಜಾಸ್ತಿ ಓಡಾಡುತ್ತಿದೆ, ಇನ್ನೊಂದು ಕಡೆ ಬೇಕಾದವರಿಗೆ ತಲುಪಿಯೇ ಇಲ್ಲ.

ರಾಯರೇ, ನಿಮ್ಮ ಅಜ್ಜಿಗೆ ಇರಲಿಲ್ಲ, ಒಪ್ಪಿದೆ. ಪಕ್ಕದ ಮನೆಯವರಿಗೆ ಇದ್ದಿರಬಹುದು. ಹೊಸೂರು ರಸ್ತೆಯ ನಿಮ್ಹಾನ್ಸ್ ರೀಲ್ಸ್ ಬಂದ ಮೇಲೆ ಕಟ್ಟಿದ್ದಲ್ಲ. ಈಗಿನ ಹೆಸರು ಬಂದದ್ದು 1974ರಲ್ಲಿ. ಆಗ 1954ರಲ್ಲಿ ಶುರುವಾದ ಮಾನಸಿಕ ಆರೋಗ್ಯ ಸಂಸ್ಥೆಯನ್ನೂ ಅಲ್ಲೇ ಇದ್ದ ಮಾನಸಿಕ ಆಸ್ಪತ್ರೆಯನ್ನೂ ಒಂದು ಮಾಡಿದರು. ಆ ಆಸ್ಪತ್ರೆ ಮೈಸೂರು ಮಹಾರಾಜರ ಕಾಲದ್ದು. ಅವತ್ತೂ ಅಲ್ಲಿ ರೋಗಿಗಳು ಇದ್ದರು.

ರಾಜಾಜಿನಗರ_ರಾಯರು

ಇದ್ದರು ಮೇಡಂ, ಇಲ್ಲ ಅಂದೆನಾ. ತೀರಾ ಹದಗೆಟ್ಟವರನ್ನು ಕರೆದುಕೊಂಡು ಹೋಗುತ್ತಿದ್ದರು. ಈಗ ನೆಟ್‌ವರ್ಕ್ ಇಲ್ಲ ಅಂದರೂ ಆಂಕ್ಸೈಟಿ.

ಗ್ಯಾಸ್_ಆಫ್_ಆಯ್ತಾ

ಓಸಿಡಿ ಬಗ್ಗೆ ನಾನು ಹೇಳಬಹುದಾ? ನನಗಿದೆ, ಡಾಕ್ಟರ್ ಹೇಳಿದ್ದು, ರೀಲ್ಸ್ ಹೇಳಿದ್ದಲ್ಲ.

ಮೊದಲನೆಯದಾಗಿ, ನನ್ನ ಮೇಜು ಗಲೀಜು. ನನ್ನ ರೂಮು ನೋಡಿದರೆ ನೀವು ಒಳಗೆ ಬರುವುದಿಲ್ಲ. ಶುಚಿಗೂ ನನಗೂ ಸಂಬಂಧವೇ ಇಲ್ಲ. ನನ್ನದು ಚೆಕ್ ಮಾಡುವ ಓಸಿಡಿ. ಗ್ಯಾಸ್ ಆಫ್ ಮಾಡಿದೆನಾ, ಬೀಗ ಬಿತ್ತಾ. ಎಲ್ಲರೂ ಒಂದು ಸಲ ನೋಡುತ್ತಾರೆ. ನಾನು ನೋಡುತ್ತೇನೆ, ನಾಬ್ ಮುಟ್ಟುತ್ತೇನೆ, ಫೋಟೋ ತೆಗೆದುಕೊಳ್ಳುತ್ತೇನೆ, ಬಸ್ ಸ್ಟಾಪಿನಲ್ಲಿ ಆ ಫೋಟೋ ನೋಡುತ್ತೇನೆ. ಆಮೇಲೆ ಇದು ನಿನ್ನೆಯ ಫೋಟೋ ಇರಬಹುದು ಅನಿಸುತ್ತದೆ. ಬಸ್ ಬಂದಿರುತ್ತದೆ. ಮನೆಗೆ ವಾಪಸ್ ಹೋಗುತ್ತೇನೆ. ಇದು ಸುಳ್ಳು ಭಯ ಅಂತ ನನಗೆ ಪೂರ್ತಿ ಗೊತ್ತು, ಗೊತ್ತಿದ್ದೂ ಹೋಗುತ್ತೇನೆ. ಅದೇ ಹಿಂಸೆ. ಆಫೀಸಿನಲ್ಲಿ ಯಾರಾದರೂ ಎಕ್ಸೆಲ್ ಶೀಟಿಗೆ ಬಣ್ಣ ಹಾಕಿ "ಐ ಆಮ್ ಸೋ ಓಸಿಡಿ" ಅಂದಾಗ ಸುಮ್ನೆ ನಕ್ಕು ಬಿಡುತ್ತೇನೆ. ಏನು ಹೇಳೋದು.

ವಾರ್ಡ್_ಪಕ್ಕದ_ರೂಮು

ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಎರಡು ಮಾತು ಸೇರಿಸುತ್ತೇನೆ ಅಷ್ಟೇ.

ಓಸಿಡಿಯಲ್ಲಿ ಎರಡು ಭಾಗ. ಬೇಡ ಅಂದರೂ ತಲೆಗೆ ನುಗ್ಗುವ ಯೋಚನೆ ಒಂದು. ಆ ಭಯ ಇಳಿಯಲಿ ಅಂತ ಮಾಡಲೇಬೇಕು ಅನಿಸುವ ಕೆಲಸ ಇನ್ನೊಂದು. ಮಾಡಿದ ತಕ್ಷಣ ಒಂದು ಕ್ಷಣ ಹಾಯೆನಿಸುತ್ತದೆ. ತುರಿಕೆಗೆ ಕೆರೆದುಕೊಂಡ ಹಾಗೆ, ಕೆರೆದಷ್ಟೂ ಜಾಸ್ತಿ. ದಿನಕ್ಕೆ ಒಂದು ಗಂಟೆಗೂ ಹೆಚ್ಚು ಹೊತ್ತು ಇದೇ ತಿನ್ನುತ್ತಿದ್ದರೆ, ಅಥವಾ ಬದುಕು ಅಡ್ಡಾದಿಡ್ಡಿ ಆಗುತ್ತಿದ್ದರೆ ಅದು ಕಾಯಿಲೆ. ಚಿಕಿತ್ಸೆಯಲ್ಲಿ ಒಂದು ಮುಖ್ಯ ಭಾಗ ಏನೆಂದರೆ, ಭಯ ಹುಟ್ಟಿಸುವ ಸನ್ನಿವೇಶಕ್ಕೆ ಸ್ವಲ್ಪ ಸ್ವಲ್ಪವಾಗಿ ಎದುರಾಗಿ, ಆ ಚೆಕ್ ಮಾಡುವ ಕೆಲಸವನ್ನು ಮಾಡದೇ ತಡೆದು ಕೂರುವುದು. ಭಯ ತಾನಾಗಿಯೇ ಇಳಿಯುತ್ತದೆ ಅಂತ ಮೈಗೆ ಗೊತ್ತಾಗಬೇಕು. ಜೊತೆಗೆ ಮಾತ್ರೆಗಳೂ ಇವೆ. ನಿಮ್ಹಾನ್ಸ್‌ನಲ್ಲಿ ಓಸಿಡಿಗೇ ಬೇರೆ ಕ್ಲಿನಿಕ್ ಇದೆ.

ಕೈ ತೊಳೆಯುವುದು, ಬೀಗ ನೋಡುವುದು ಹೊರಗೆ ಕಾಣುತ್ತದೆ. ಕಾಣದ್ದೂ ಇದೆ. ದೇವರ ಮುಂದೆ ನಿಂತಾಗ ಕೆಟ್ಟ ಬೈಗುಳ ತಲೆಗೆ ಬರುವುದು, ಹಸುಗೂಸು ಎತ್ತಿಕೊಂಡಾಗ ಕೆಳಗೆ ಎಸೆದುಬಿಟ್ಟರೆ ಅನಿಸುವುದು. ಇಂಥವರು ತಾವೇ ಪಾಪಿಗಳು ಅಂದುಕೊಂಡು ವರ್ಷಗಟ್ಟಲೆ ಬಾಯಿ ಬಿಡುವುದಿಲ್ಲ, ಪೂಜೆ ಪ್ರಾಯಶ್ಚಿತ್ತ ಅಂತ ಓಡಾಡುತ್ತಿರುತ್ತಾರೆ. ಅವರು ಎಸೆಯುವವರಲ್ಲ. ಆ ಯೋಚನೆ ಕಂಡರೆ ಹೆದರುವವರು. ಓದುತ್ತಿರುವವರಲ್ಲಿ ಯಾರಾದರೂ ಹೀಗಿದ್ದರೆ, ಇದಕ್ಕೂ ಹೆಸರಿದೆ, ಚಿಕಿತ್ಸೆ ಇದೆ.

ಬೈಟು_ಕಾಫಿ, ಬಸವನಗುಡಿ

ಥ್ಯಾಂಕ್ಸ್ ಮೇಡಂ, ಗ್ಯಾಸ್ ಅವರಿಗೂ ಥ್ಯಾಂಕ್ಸ್. ಬೈಪೋಲಾರ್? ನಮ್ಮ ಮ್ಯಾನೇಜರ್‌ಗೆ ಇದೆಯಾ ಇಲ್ವಾ?

ವಾರ್ಡ್_ಪಕ್ಕದ_ರೂಮು

ನಿಮ್ಮ ಮ್ಯಾನೇಜರ್‌ಗೆ ಸಿಟ್ಟು ಬರುತ್ತದೆ, ಅಷ್ಟೇ ಗೊತ್ತಾಗಿದ್ದು. ಬೆಳಿಗ್ಗೆ ಒಂದು, ಸಂಜೆ ಒಂದು ಅನ್ನುವುದು ಬೈಪೋಲಾರ್ ಅಲ್ಲ. ಅದರಲ್ಲಿ ಮನಸ್ಸಿನ ಏರಿಳಿತ ದಿನ, ವಾರ, ತಿಂಗಳ ಲೆಕ್ಕದಲ್ಲಿ ನಡೆಯುತ್ತದೆ. ಮನಸ್ಸು ವಿಪರೀತ ಏರಿದ ಸ್ಥಿತಿಯನ್ನು ಮೇನಿಯಾ ಎನ್ನಲು ಸಾಮಾನ್ಯವಾಗಿ ಕನಿಷ್ಠ ಒಂದು ವಾರ ಹಾಗಿರಬೇಕು. ಅದಕ್ಕಿಂತ ಸೌಮ್ಯವಾದ ಹೈಪೋಮೇನಿಯಾಕ್ಕೆ 4 ದಿನ.

ಮೇನಿಯಾ ಹೇಗಿರುತ್ತದೆ ಅಂದರೆ, ಮನೆಯವರಿಗೆ ಮೊದಮೊದಲು ಖುಷಿಯೇ ಆಗುತ್ತದೆ. ಮಂಕಾಗಿದ್ದ ಹುಡುಗ ಚುರುಕಾದ ಅಂತ. ಮೂರು ಗಂಟೆ ಮಲಗಿ ಎದ್ದರೂ ಸುಸ್ತಿಲ್ಲ. ಮಾತು ನಿಲ್ಲುವುದಿಲ್ಲ. ಒಂದು ಯೋಜನೆ ಮುಗಿಯುವ ಮೊದಲು ಇನ್ನೊಂದು. ಸಾಲ ಮಾಡಿ ಖರ್ಚು, ಗುರುತಿಲ್ಲದವರಿಗೆ ದಾನ, ತಡೆದರೆ ಕೆಂಡದಂಥ ಕೋಪ. ಹಾಗೇ ಬಿಟ್ಟರೆ ಕೆಲಸ, ದುಡ್ಡು, ಮದುವೆ ಎಲ್ಲಾ ಹೋಗಬಹುದು. ಆಮೇಲೆ ಬೇರೆ ಸಮಯದಲ್ಲಿ ಅದೇ ಮನುಷ್ಯ ಹಾಸಿಗೆ ಬಿಟ್ಟು ಏಳುವುದಿಲ್ಲ. ಇದಕ್ಕೆ ಲಿಥಿಯಂ ಎನ್ನುವ ಔಷಧಿ ಕೆಲಸ ಮಾಡುತ್ತದೆ ಅಂತ 1949ರಲ್ಲಿ ಆಸ್ಟ್ರೇಲಿಯಾದ ಡಾಕ್ಟರ್ ಜಾನ್ ಕೇಡ್ ಬರೆದರು. ಇವತ್ತಿಗೂ ಕೊಡುತ್ತಾರೆ. ಆದರೆ ಆಗಾಗ ರಕ್ತ ಪರೀಕ್ಷೆ ಮಾಡಿಸಿಕೊಳ್ಳುತ್ತಿರಬೇಕು.

ಹಾಗೆಯೇ ಸ್ಕಿಜೋಫ್ರೇನಿಯಾ ಅಂದರೆ ಒಬ್ಬರಲ್ಲಿ ಇಬ್ಬರು ಇರುವುದು ಅಲ್ಲ. ಸಿನಿಮಾದವರು ಎರಡನ್ನೂ ಕಲಸಿ ಇಟ್ಟಿದ್ದಾರೆ. ಸ್ಕಿಜೋಫ್ರೇನಿಯಾದಲ್ಲಿ ಯಾರೂ ಇಲ್ಲದಿದ್ದರೂ ದನಿ ಕೇಳುತ್ತದೆ, ಯಾರೋ ಹಿಂಬಾಲಿಸುತ್ತಿದ್ದಾರೆ, ಊಟಕ್ಕೆ ವಿಷ ಹಾಕಿದ್ದಾರೆ ಎನ್ನುವ ಗಟ್ಟಿ ನಂಬಿಕೆ ಬರುತ್ತದೆ. ನಿಧಾನಕ್ಕೆ ಜನರಿಂದ ದೂರ ಸರಿಯುತ್ತಾರೆ. ಅವರು ಬೇರೆಯವರಿಗೆ ಅಪಾಯ ಮಾಡುವುದಕ್ಕಿಂತ ಅವರನ್ನೇ ಬೇರೆಯವರು ಹೊಡೆದು ಬಡಿದು ಮಾಡುವುದು ಜಾಸ್ತಿ.

ರಾತ್ರಿಪಾಳಿ_ಮಾರತಹಳ್ಳಿ

ಪ್ಯಾನಿಕ್ ಅಟ್ಯಾಕ್ ಬಗ್ಗೆ ಯಾರೂ ಹೇಳಲಿಲ್ಲ. ಕ್ಯಾಬ್‌ನಲ್ಲಿ ಬರುವಾಗ ರಿಂಗ್ ರೋಡ್ ಫ್ಲೈಓವರ್ ಮೇಲೆ ಎದೆ ಡಬಡಬ, ಬೆವರು, ಉಸಿರು ಸಿಗುತ್ತಿಲ್ಲ, ಬೆರಳು ಜುಮ್ಮೆಂದಿತು. ಸತ್ತೇ ಹೋದೆ ಅಂದುಕೊಂಡೆ. ಡ್ರೈವರ್ ಅಣ್ಣ ಪುಣ್ಯಾತ್ಮ, ನೇರ ಆಸ್ಪತ್ರೆಗೇ ಬಿಟ್ಟರು. ಇಸಿಜಿ ನಾರ್ಮಲ್. ಡ್ಯೂಟಿಯಲ್ಲಿದ್ದವರು "ಗ್ಯಾಸು" ಅಂದು ಕಳಿಸಿದರು. ಅದಾದ ಮೇಲೆ ಆ ಫ್ಲೈಓವರ್ ಬಂದರೆ ಸಾಕು ಕೈ ನಡುಗುತ್ತದೆ. ಈಗ ಕೆಳಗಿನ ರಸ್ತೆಯಲ್ಲಿ ಹೋಗಿ ಅಂತ ಹೇಳುತ್ತೇನೆ, ಅರ್ಧ ಗಂಟೆ ತಡವಾದರೂ ಪರವಾಗಿಲ್ಲ.

ವಾರ್ಡ್_ಪಕ್ಕದ_ರೂಮು

ಆಸ್ಪತ್ರೆಗೆ ಹೋಗಿದ್ದು ಸರಿ. ಎದೆ ನೋವು ಮೊದಲ ಸಲ ಬಂದಾಗ ಯಾರೂ "ಇದು ಪ್ಯಾನಿಕ್ ಇರಬೇಕು" ಅಂತ ಮನೆಯಲ್ಲಿ ಕೂರಬಾರದು. ಹೃದಯ ಸರಿ ಇದೆ ಅಂತ ಗೊತ್ತಾದ ಮೇಲೆ ಮುಂದಿನ ಮಾತು.

ಪ್ಯಾನಿಕ್ ಅಟ್ಯಾಕ್ ದಿಢೀರ್ ಏರುತ್ತದೆ. ಕೆಲವೇ ನಿಮಿಷದಲ್ಲಿ ತುದಿ ಮುಟ್ಟಿ ಇಳಿಯುತ್ತದೆ. ಹುಲಿ ಎದುರಾದರೆ ಮೈ ಏನು ಮಾಡಬೇಕೋ ಅದನ್ನೇ ಮಾಡುತ್ತದೆ, ಹುಲಿ ಮಾತ್ರ ಇರುವುದಿಲ್ಲ. ಓಡು ಅಥವಾ ಹೊಡೆದಾಡು ಎನ್ನುವ ಈ ಸಿದ್ಧತೆಯ ಬಗ್ಗೆ ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ನೂರು ವರ್ಷದ ಹಿಂದೆಯೇ ಬರೆದಿದ್ದಾರೆ. ಅಟ್ಯಾಕಿನಿಂದ ಸಾಯುವುದಿಲ್ಲ. ತೊಂದರೆ ಬರುವುದು ಆಮೇಲೆ, ಇನ್ನೊಂದು ಬಂದರೆ ಅನ್ನುವ ಭಯದಿಂದ. ಆ ಭಯಕ್ಕೆ ಹೆದರಿ ಮೊದಮೊದಲು ಫ್ಲೈಓವರ್ ಬಿಡುತ್ತಾರೆ, ಆಮೇಲೆ ಮೆಟ್ರೋ, ಆಮೇಲೆ ಮಾಲ್, ಕೊನೆಗೆ ಒಬ್ಬರೇ ಮನೆಯಿಂದ ಹೊರಗೆ ಬರುವುದನ್ನೇ ಬಿಡುತ್ತಾರೆ. ನೀವು ಫ್ಲೈಓವರ್‌ನಲ್ಲೇ ಇದ್ದೀರಿ, ಈಗಲೇ ಯಾರಿಗಾದರೂ ತೋರಿಸಿ. ಬೇಗ ಸರಿಹೋಗುವ ತೊಂದರೆಗಳಲ್ಲಿ ಇದೂ ಒಂದು.

ನಿವೃತ್ತ_ಮೇಷ್ಟ್ರು, ಮಲ್ಲೇಶ್ವರಂ

ಪಿಯು ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳಿಕೊಡುತ್ತಿದ್ದವನು. ಎಲ್ಲರೂ ಕಾಯಿಲೆಗಳ ಬಗ್ಗೆಯೇ ಮಾತಾಡುತ್ತಿದ್ದೀರಿ. ಮನಶ್ಶಾಸ್ತ್ರ ಅಂದರೆ ಬರೀ ರೋಗವಲ್ಲ, ಆರೋಗ್ಯವಾಗಿರುವವರು ಹೇಗೆ ಎಡವುತ್ತಾರೆ ಅನ್ನುವುದೂ ಅದೇ. ನನಗೆ ಅದೇ ಹೆಚ್ಚು ಇಷ್ಟದ ಭಾಗ.

ಕಾಗ್ನಿಟಿವ್ ಡಿಸೊನೆನ್ಸ್ ಅಂತ ಕೇಳಿರುತ್ತೀರಿ. ಮನಸ್ಸಿನಲ್ಲಿ ಎರಡು ವಿಷಯಗಳು ಒಂದಕ್ಕೊಂದು ಹೊಂದದೆ ಕಿರಿಕಿರಿ ಆದಾಗ, ನಾವು ಯಾವುದಾದರೂ ಒಂದನ್ನು ತಿರುಚಿ ಹೊಂದಿಸಿಕೊಳ್ಳುತ್ತೇವೆ. ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಜರ್ 1957ರಲ್ಲಿ ಇದನ್ನು ಸಿದ್ಧಾಂತವಾಗಿ ಬರೆದರು. ಆದರೆ ಆ ಯೋಚನೆಯ ಒಂದು ಎಳೆ ಹೊರಟಿದ್ದು ನಮ್ಮ ದೇಶದಿಂದ. 1934ರ ಜನವರಿಯಲ್ಲಿ ಬಿಹಾರದಲ್ಲಿ ದೊಡ್ಡ ಭೂಕಂಪ ಆಯಿತು. ಆಮೇಲೆ ಗಾಳಿಸುದ್ದಿಗಳು ಹಬ್ಬಿದವು. ಜಮುನಾ ಪ್ರಸಾದ್ ಎಂಬುವರು ಅವನ್ನು ಕೂಡಿಹಾಕಿ 1935ರಲ್ಲಿ ಲೇಖನ ಬರೆದರು. ವಿಚಿತ್ರ ಏನೆಂದರೆ, ನೆಲ ನಡುಗಿದ್ದು ಗೊತ್ತಾಗಿ, ಏನೂ ಹಾನಿಯಾಗದ ಊರುಗಳಲ್ಲಿ, ಇನ್ನೂ ದೊಡ್ಡ ಅನಾಹುತ ಬರಲಿದೆ ಎನ್ನುವ ಸುದ್ದಿಗಳು ಓಡಾಡಿದ್ದವು. ಬದುಕಿ ಉಳಿದವರು ಸಮಾಧಾನದ ಸುದ್ದಿ ಹಬ್ಬಿಸಬೇಕಿತ್ತು ಅಲ್ವಾ? ಹೆದರಿಕೆಯ ಸುದ್ದಿ ಯಾಕೆ? ಫೆಸ್ಟಿಂಜರ್ ಕೊಟ್ಟ ಉತ್ತರ ಇದು. ಅವರಿಗೆ ಭಯ ಆಗಲೇ ಹುಟ್ಟಿತ್ತು. ಕಣ್ಣೆದುರು ಒಂದು ಗೋಡೆಯೂ ಬಿದ್ದಿಲ್ಲ. ಭಯ ಇದೆ, ಕಾರಣ ಇಲ್ಲ. ಇದು ಹೊಂದುವುದಿಲ್ಲ. ಹಾಗಾಗಿ ಭಯಕ್ಕೆ ತಕ್ಕ ಕಾರಣವನ್ನು ಜನ ತಾವೇ ಮಾಡಿಕೊಂಡರು. ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಬರುವ ಫಾರ್ವರ್ಡ್‌ಗಳನ್ನು ಈ ಕಣ್ಣಿನಿಂದ ಒಮ್ಮೆ ನೋಡಿ.

1959ರಲ್ಲಿ ಅವರು ಕಾರ್ಲ್‌ಸ್ಮಿತ್ ಜೊತೆ ಮಾಡಿದ ಪ್ರಯೋಗ ಇನ್ನೂ ಚೆನ್ನಾಗಿದೆ. ವಿದ್ಯಾರ್ಥಿಗಳಿಗೆ ಒಂದು ಗಂಟೆ ಸುಮ್ನೆ ಬೋರು ಹೊಡೆಸುವ ಕೆಲಸ, ಹಲಗೆಯ ಮೇಲಿನ ಗೂಟ ತಿರುಗಿಸುವುದು ಇತ್ಯಾದಿ. ಮುಗಿದ ಮೇಲೆ, ಹೊರಗೆ ಕಾಯುತ್ತಿರುವವರಿಗೆ "ಬಹಳ ಮಜಾ ಇತ್ತು" ಅಂತ ಸುಳ್ಳು ಹೇಳಬೇಕು. ಕೆಲವರಿಗೆ 1 ಡಾಲರ್, ಕೆಲವರಿಗೆ 20 ಡಾಲರ್. ಆಮೇಲೆ ನಿಜವಾಗಿ ಹೇಗಿತ್ತು ಅಂತ ಕೇಳಿದಾಗ, ಮಜಾ ಇತ್ತು ಅಂತ ಹೆಚ್ಚಾಗಿ ಹೇಳಿದವರು 1 ಡಾಲರ್ ಪಡೆದವರು! 20 ಸಿಕ್ಕವನಿಗೆ ಸುಳ್ಳು ಹೇಳಲು ಕಾರಣ ಜೇಬಿನಲ್ಲೇ ಇತ್ತು. 1 ಸಿಕ್ಕವನಿಗೆ ಇಷ್ಟು ಚಿಲ್ಲರೆಗೆ ಸುಳ್ಳು ಹೇಳಿದೆನಾ ಅನ್ನುವ ಕಿರಿಕಿರಿ. ಹಾಗಾಗಿ ಕೆಲಸ ನಿಜವಾಗಿಯೂ ಪರವಾಗಿರಲಿಲ್ಲ ಅಂತ ತಾನೇ ನಂಬಿಕೊಂಡ.

ಹೊಸಕೋಟೆ ಆಚೆ ಜೀವಮಾನದ ಸಾಲ ಮಾಡಿ ಫ್ಲ್ಯಾಟ್ ತಗೊಂಡವರು "ಟ್ರಾಫಿಕ್ ಬಿಡಿ ಸಾರ್, ಗಾಳಿ ಎಷ್ಟು ಚೆನ್ನಾಗಿದೆ ಗೊತ್ತಾ" ಅನ್ನುತ್ತಾರಲ್ಲ, ಅದು ಸುಳ್ಳಲ್ಲ. ನಂಬಿಯೇ ಹೇಳುತ್ತಾರೆ.

ಅಂದಹಾಗೆ, ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಆಕಾಶವಾಣಿ ಎನ್ನುವ ಹೆಸರಿನ ರೇಡಿಯೋ ಕೇಂದ್ರ ಶುರು ಮಾಡಿದವರು. ಈ ವಿಷಯಕ್ಕೆ ಸಂಬಂಧವಿಲ್ಲ, ಆದರೂ ಹೇಳದೆ ಇರಲಾಗಲಿಲ್ಲ.

ಹೊಸಕೋಟೆ_ಹುಡುಗ

ಮೇಷ್ಟ್ರೇ, ಗಾಳಿ ನಿಜವಾಗಲೂ ಚೆನ್ನಾಗಿದೆ.

ಇಬ್ಬರಮ್ಮ, ವಿಜಯನಗರ

ಮೇಷ್ಟ್ರೇ, ನನ್ನ ದೊಡ್ಡ ಮಗ ಡೋಪಮೈನ್ ಡಿಟಾಕ್ಸ್ ಅಂತ ಭಾನುವಾರ ಫೋನು, ಟೀವಿ ಬಿಟ್ಟು ಗೋಡೆ ನೋಡುತ್ತಾ ಕೂರುತ್ತಾನೆ. ಸೋಮವಾರ ಎರಡರಷ್ಟು ನೋಡುತ್ತಾನೆ. ಚಿಕ್ಕವಳು ಊಟ ಮಾಡಬೇಕಾದರೆ ಮೊಬೈಲ್ ಕೊಡಬೇಕು, ಇಲ್ಲಾಂದ್ರೆ ಅಳು ಇಡೀ ಬೀದಿಗೆ ಕೇಳುತ್ತದೆ. ಇದಕ್ಕೂ ಏನಾದರೂ ಪದ ಇದೆಯಾ?

ನಿವೃತ್ತ_ಮೇಷ್ಟ್ರು, ಮಲ್ಲೇಶ್ವರಂ

ಇದೆ ತಾಯಿ. ನೀವು ಕೊಟ್ಟ ಉದಾಹರಣೆ ಪರೀಕ್ಷೆಯಲ್ಲಿ ಕೇಳುವಂಥದ್ದು.

ನೆಗೆಟಿವ್ ರಿಇನ್ಫೋರ್ಸ್‌ಮೆಂಟ್ ಅಂದರೆ ಶಿಕ್ಷೆ ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಲೆಕ್ಕದಲ್ಲಿ ರಿಇನ್ಫೋರ್ಸ್‌ಮೆಂಟ್ ಅಂದರೆ ಒಂದು ವರ್ತನೆ ಜಾಸ್ತಿಯಾಗುವುದು. ಏನಾದರೂ ಸಿಕ್ಕಿದ್ದರಿಂದ ಜಾಸ್ತಿಯಾದರೆ ಪಾಸಿಟಿವ್, ಏನೋ ತೊಂದರೆ ತೊಲಗಿದ್ದರಿಂದ ಜಾಸ್ತಿಯಾದರೆ ನೆಗೆಟಿವ್. ನಿಮ್ಮ ಮನೆಯಲ್ಲಿ ಎರಡೂ ಒಂದೇ ಕ್ಷಣದಲ್ಲಿ ನಡೆಯುತ್ತಿವೆ. ಮಗಳು ಅತ್ತಳು, ಮೊಬೈಲ್ ಸಿಕ್ಕಿತು. ಅಳು ಕಲಿತಳು. ನೀವು ಮೊಬೈಲ್ ಕೊಟ್ಟಿರಿ, ಅಳು ನಿಂತಿತು. ಕೊಡುವುದನ್ನು ನೀವು ಕಲಿತಿರಿ. ಯಾರು ಯಾರಿಗೆ ಕಲಿಸುತ್ತಿದ್ದಾರೆ ಅಂತ ಹೇಳುವುದು ಕಷ್ಟ. ಒಂದು ದಿನ ಕೊಡದೆ, ಮರುದಿನ ತಡೆಯಲಾರದೆ ಕೊಟ್ಟರೆ ಇನ್ನೂ ಗಟ್ಟಿಯಾಗುತ್ತದೆ. ಆಗೊಮ್ಮೆ ಈಗೊಮ್ಮೆ ಸಿಗುವ ಬಹುಮಾನವೇ ಅತಿ ಗಟ್ಟಿ ಅಭ್ಯಾಸ ಕಟ್ಟುತ್ತದೆ. ಲಾಟರಿ ಟಿಕೆಟ್ ಮಾರಾಟ ಆಗುವುದೂ ಅದರಿಂದಲೇ. ನಿಲ್ಲಿಸುವುದಾದರೆ ಪೂರ್ತಿ ನಿಲ್ಲಿಸಿ. ಮೊದಲ ಕೆಲವು ದಿನ ಅಳು ಇನ್ನೂ ಜೋರಾಗುತ್ತದೆ ಅಂತ ಮೊದಲೇ ತಿಳಿದಿರಲಿ. ಪಕ್ಕದ ಮನೆಯವರಿಗೂ ಹೇಳಿಡಿ.

ಡೋಪಮೈನ್ ಎಂಬುದು ಮಿದುಳಿನ ಒಂದು ರಾಸಾಯನಿಕ. ಅದು ಸಂತೋಷದ ರಸವೂ ಅಲ್ಲ, ತೊಳೆದು ಹಾಕಬೇಕಾದ ಕೊಳೆಯೂ ಅಲ್ಲ. ಅದಿಲ್ಲದೆ ಕೈಕಾಲು ಸರಿಯಾಗಿ ಆಡುವುದಿಲ್ಲ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಅದನ್ನು ಮಾಡುವ ಜೀವಕೋಶಗಳೇ ಸಾಯುತ್ತವೆ. 1990ರ ದಶಕದಲ್ಲಿ ವೊಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಗೊತ್ತಾಗಿದ್ದು ಇದು. ಎದುರು ನೋಡದೆ ಹಣ್ಣಿನ ರಸ ಸಿಕ್ಕರೆ ಆ ಕೋಶಗಳು ಚುರುಕಾಗುತ್ತವೆ. ದೀಪ ಹತ್ತಿದ ಮೇಲೆ ರಸ ಬರುತ್ತದೆ ಅಂತ ಕೋತಿ ಕಲಿತ ಮೇಲೆ, ರಸಕ್ಕಲ್ಲ, ದೀಪಕ್ಕೇ ಚುರುಕಾಗುತ್ತವೆ. ದೀಪ ಹತ್ತಿ ರಸ ಬರದಿದ್ದರೆ ಮಂಕಾಗುತ್ತವೆ. ಅಂದುಕೊಂಡದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ವ್ಯತ್ಯಾಸದ ಲೆಕ್ಕ ಅದು. ನಿಮ್ಮ ಮಗ ಭಾನುವಾರ ಫೋನ್ ಬಿಡುವುದು ಒಳ್ಳೆಯದೇ, ಡೋಪಮೈನ್ ಹೆಸರು ಬೇಡ ಅಷ್ಟೇ. ಗೋಡೆ ನೋಡುವ ಬದಲು ಲಾಲ್‌ಬಾಗ್‌ಗೆ ಹೋಗಲಿ.

ವಾರ್ಡ್_ಪಕ್ಕದ_ರೂಮು

ಫೋನಿನಿಂದ ಓದು, ನಿದ್ದೆ ನಿಜವಾಗಿ ಕೆಟ್ಟಿದ್ದರೆ ನಿಮ್ಹಾನ್ಸ್‌ನವರ ಶಟ್ ಕ್ಲಿನಿಕ್ ಇದೆ ಅಕ್ಕ, 2014ರಿಂದ ನಡೆಯುತ್ತಿದೆ. ಇದಕ್ಕಾಗಿಯೇ ಇರುವುದು.

ಬೈಟು_ಕಾಫಿ, ಬಸವನಗುಡಿ

ಗ್ಯಾಸ್‌ಲೈಟಿಂಗ್ ಬಾಕಿ ಇದೆ. ಅಮ್ಮ ಕೇಳುತ್ತಿದ್ದಾರೆ.

ವಾರ್ಡ್_ಪಕ್ಕದ_ರೂಮು

ಅದು ಕಾಯಿಲೆಯ ಹೆಸರಲ್ಲ, ಯಾವ ಡಾಕ್ಟರ್ ಪಟ್ಟಿಯಲ್ಲೂ ಇಲ್ಲ. 1938ರ ಒಂದು ಇಂಗ್ಲಿಷ್ ನಾಟಕದಿಂದ ಬಂತು. ಅದರಲ್ಲಿ ಗಂಡ ಮಾಡುವ ಕಳ್ಳ ಕೆಲಸದಿಂದ ಮನೆಯ ಗ್ಯಾಸ್ ದೀಪ ಮಂಕಾಗುತ್ತಿರುತ್ತದೆ. ಹೆಂಡತಿಗೆ ಬುದ್ಧಿ ಕೆಟ್ಟಿದೆ ಅಂತ ಅವಳನ್ನೇ ನಂಬಿಸಲು ಅವನು ನೋಡುತ್ತಾನೆ. ಒಂದು ಸಲ ಸುಳ್ಳು ಹೇಳುವುದು, ಜಗಳದಲ್ಲಿ "ನಾನು ಹಾಗೆ ಅನ್ನಲಿಲ್ಲ" ಅನ್ನುವುದು ಗ್ಯಾಸ್‌ಲೈಟಿಂಗ್ ಅಲ್ಲ. ಒಬ್ಬರ ನೆನಪು, ಬುದ್ಧಿಯ ಮೇಲೆ ಅವರಿಗೇ ಅನುಮಾನ ಬರುವ ಹಾಗೆ ಮತ್ತೆ ಮತ್ತೆ ಮಾಡುವುದು, ಅದರಿಂದ ಅವರು ಪ್ರತಿಯೊಂದಕ್ಕೂ ಹಾಗೆ ಮಾಡಿದವರನ್ನೇ ಕೇಳುವ ಹಾಗಾಗುವುದು, ಅದು. ಮನೆಯೊಳಗಿನ ದೌರ್ಜನ್ಯದ ಕೇಸುಗಳಲ್ಲಿ ಇದು ನಿಜವಾಗಿ ಕಾಣುತ್ತದೆ. ಹಗುರ ಮಾಡಬೇಡಿ.

ಆದರೆ ಇನ್ನೊಂದು ಮುಖ ಇದೆ. ನೆನಪು ಎನ್ನುವುದೇ ನಾವು ಅಂದುಕೊಂಡಷ್ಟು ಗಟ್ಟಿಯಲ್ಲ. 1974ರಲ್ಲಿ ಮನಶ್ಶಾಸ್ತ್ರಜ್ಞರಾದ ಎಲಿಜಬೆತ್ ಲಾಫ್ಟಸ್ ಮತ್ತು ಪಾಮರ್ ಕಾರು ಅಪಘಾತದ ಫಿಲ್ಮ್ ತೋರಿಸಿ, ಕಾರುಗಳು ಎಷ್ಟು ವೇಗದಲ್ಲಿದ್ದವು ಅಂತ ಕೇಳಿದರು. ಕೆಲವರಿಗೆ "ಅಪ್ಪಳಿಸಿದಾಗ" ಎನ್ನುವ ಥರದ ಪದ, ಕೆಲವರಿಗೆ "ತಗುಲಿದಾಗ" ಎನ್ನುವ ಥರದ ಪದ. ಅಪ್ಪಳಿಸಿದಾಗ ಅಂತ ಕೇಳಿಸಿಕೊಂಡವರು ಗಂಟೆಗೆ ಸರಾಸರಿ 41 ಮೈಲಿ ಅಂದರು, ತಗುಲಿದಾಗ ಅಂತ ಕೇಳಿಸಿಕೊಂಡವರು 32. ಫಿಲ್ಮ್ ಒಂದೇ! ಇನ್ನೊಂದು ಪ್ರಯೋಗದಲ್ಲಿ ಒಂದು ವಾರ ಬಿಟ್ಟು ಕೇಳಿದಾಗ, ಅಪ್ಪಳಿಸುವ ಪದ ಕೇಳಿದವರಲ್ಲಿ ಹೆಚ್ಚು ಮಂದಿ ಒಡೆದ ಗಾಜು ನೋಡಿದೆ ಅಂದರು. ಗಾಜು ಒಡೆದೇ ಇರಲಿಲ್ಲ. ಹಾಗಾಗಿ ನಿಮ್ಮ ತಂಗಿ, ನಿಮ್ಮ ಅಮ್ಮ ಇಬ್ಬರೂ ಸುಳ್ಳು ಹೇಳದೆಯೇ ಬೇರೆ ಬೇರೆ ಮಾತು ನೆನಪಿಟ್ಟುಕೊಂಡಿರಬಹುದು. ಬೇಕೆಂದೇ ಮಾಡುತ್ತಿದ್ದಾರಾ, ಪದೇ ಪದೇ ಮಾಡುತ್ತಿದ್ದಾರಾ, ಅದರಿಂದ ಯಾರಿಗೆ ಲಾಭ. ಇದನ್ನು ಕೇಳಿಕೊಳ್ಳದೆ ಆ ಪದ ಎತ್ತಬಾರದು.

ಟ್ರಾಮಾ ಕೂಡ ಹಾಗೆ. ಪಿಟಿಎಸ್‌ಡಿ ಎಂಬ ಹೆಸರು ಅಮೆರಿಕದ ರೋಗಗಳ ಕೈಪಿಡಿಗೆ ಸೇರಿದ್ದು 1980ರಲ್ಲಿ, ವಿಯೆಟ್ನಾಂ ಯುದ್ಧದ ಸೈನಿಕರ ಪಾಡು ನೋಡಿದ ಮೇಲೆ. ಜೀವಕ್ಕೆ ಕುತ್ತು, ಭೀಕರ ಅಪಘಾತ, ಲೈಂಗಿಕ ದೌರ್ಜನ್ಯ ಇಂಥವುಗಳಾದ ಮೇಲೆ ಒಂದು ತಿಂಗಳಿಗೂ ಹೆಚ್ಚು ಕಾಲ ಆ ಘಟನೆ ಕನಸಲ್ಲಿ, ಎಚ್ಚರದಲ್ಲಿ ಮತ್ತೆ ನಡೆಯುತ್ತಿರುವ ಹಾಗೆ ಕಾಡುವುದು. ಸಿಲ್ಕ್ ಬೋರ್ಡ್‌ಗೆ ಬೇರೆ ಪದ ಹುಡುಕಿ.

ಫೈಲ್_ನಂಬರ್_ಇಲ್ಲ

ಇಂಟ್ರೊವರ್ಟ್ ಬಗ್ಗೆ ಒಂದು ಮಾತು. ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಹೇಳಿದ್ದು ಮನಸ್ಸು ಒಳಗೆ ಹೊರಳುತ್ತದಾ, ಹೊರಗೆ ಹೊರಳುತ್ತದಾ ಅಂತ. ಬಹುಪಾಲು ಜನ ನಡುವೆ ಎಲ್ಲೋ ಇರುತ್ತಾರೆ. ಮದುವೆ ಮನೆಯಿಂದ ಬಂದು ಸುಸ್ತಾದರೆ ಇಂಟ್ರೊವರ್ಟ್. ಜನ ಏನಂದುಕೊಳ್ಳುತ್ತಾರೋ ಅಂತ ಹೆದರಿ ಆಸೆ ಇದ್ದರೂ ಮದುವೆಗೇ ಹೋಗದಿದ್ದರೆ ಅದು ಬೇರೆ, ಸೋಶಿಯಲ್ ಆಂಕ್ಸೈಟಿ, ಅದಕ್ಕೆ ಚಿಕಿತ್ಸೆ ಇದೆ. ಆಫೀಸಿನ ಎಚ್‌ಆರ್ ಕೊಡುವ, ಸ್ವಭಾವವನ್ನು ನಾಲ್ಕು ಅಕ್ಷರದಲ್ಲಿ ಹೇಳುವ ಟೆಸ್ಟ್ (ಎಂಬಿಟಿಐ) ನಂಬಬೇಡಿ. ಕೆಲವು ವಾರ ಬಿಟ್ಟು ಮತ್ತೆ ಬರೆದರೆ ಬಹಳ ಜನರ ಅಕ್ಷರವೇ ಬದಲಾಗಿರುತ್ತದೆ.

ರಾತ್ರಿಪಾಳಿ_ಮಾರತಹಳ್ಳಿ

ಯಾರಿಗೆ ತೋರಿಸಬೇಕು? ನಮ್ಮ ರಸ್ತೆಯಲ್ಲೇ ನಾಲ್ಕು ಬೋರ್ಡ್ ಇವೆ, ಲೈಫ್ ಕೋಚ್, ಹೀಲರ್, ಕೌನ್ಸೆಲರ್.

ವಾರ್ಡ್_ಪಕ್ಕದ_ರೂಮು

ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಆಗಿ ಮನೋರೋಗದಲ್ಲಿ ಮುಂದೆ ಓದಿದ ಡಾಕ್ಟರ್. ಮಾತ್ರೆ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಪರೀಕ್ಷೆ ಮಾಡುತ್ತಾರೆ, ಥೆರಪಿ ಕೊಡುತ್ತಾರೆ. ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು, ಕೇಳಿ, ಸಂಕೋಚ ಬೇಡ. ಕೌನ್ಸೆಲರ್‌ಗಳಲ್ಲಿ ಚೆನ್ನಾಗಿ ಓದಿದವರೂ ಇದ್ದಾರೆ, ವಾರಾಂತ್ಯದ ಕೋರ್ಸ್ ಮುಗಿಸಿ ಬೋರ್ಡ್ ಹಾಕಿದವರೂ ಇದ್ದಾರೆ. ಏನು ಓದಿದ್ದೀರಿ, ಎಲ್ಲಿ ಓದಿದ್ದೀರಿ ಅಂತ ಕೇಳಿ. ಫೋನಿನಲ್ಲೇ ಮಾತಾಡಬೇಕಿದ್ದರೆ ಟೆಲಿ ಮಾನಸ್, 14416. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬಿಟಿಎಂ ಲೇಔಟ್‌ನಲ್ಲಿ ನಿಮ್ಹಾನ್ಸ್‌ನದೇ ವೆಲ್‌ಬೀಯಿಂಗ್ ಸೆಂಟರ್ ಇದೆ, ದೊಡ್ಡ ಆಸ್ಪತ್ರೆ ಅಂದರೆ ಹೆದರುವವರಿಗೆ ಅಲ್ಲಿ ಸುಲಭ.

ಕೆಂಗೇರಿ_ಹೊಸಬ

ಮೇಡಂ, ಮೇಲೆ ಬೈಪೋಲಾರ್ ಬಗ್ಗೆ ಬರೆದಿದ್ದೀರಲ್ಲ, ಓದಿ ಗಾಬರಿಯಾಯಿತು. ನಮ್ಮ ಭಾವ ದಸರಾ ಮುಗಿದಾಗಿನಿಂದ ರಾತ್ರಿ ಮಲಗುತ್ತಿಲ್ಲ. ಮೊದಲು ಮಾತೇ ಆಡದವರು ಈಗ ಬೆಳಗಿನ ಜಾವ ಎಲ್ಲರಿಗೂ ಫೋನ್ ಮಾಡುತ್ತಾರೆ. ಸೈಟ್ ಮಾರಿ ಮೂರು ಹೋಟೆಲ್ ತೆಗೆಯುತ್ತಾರಂತೆ. ಬೇಡ ಅಂದರೆ ಹೊಡೆಯಲು ಬರುತ್ತಾರೆ. ಹೋದ ವರ್ಷ ಸುಮಾರು ದಿನ ರೂಮಿನಿಂದ ಹೊರಗೇ ಬರುತ್ತಿರಲಿಲ್ಲ.

ವಾರ್ಡ್_ಪಕ್ಕದ_ರೂಮು

ಇಲ್ಲಿ ಕೂತು ಹೆಸರು ಹೇಳಲಾರೆ. ಆದರೆ ಕಾಯಬೇಡಿ, ನಾಳೆಯೇ ಸೈಕಿಯಾಟ್ರಿಸ್ಟ್ ಹತ್ತಿರ ಹೋಗಿ. ಅವರಿಗೆ "ನಿಮಗೆ ತಲೆ ಸರಿಯಿಲ್ಲ" ಅನ್ನಬೇಡಿ. ಹೋಟೆಲ್ ಬಗ್ಗೆ ವಾದವೂ ಬೇಡ. ನಿದ್ದೆ ಕೆಟ್ಟಿದೆ, ತೋರಿಸಿಕೊಂಡು ಬರೋಣ ಅನ್ನಿ, ಅದಕ್ಕೆ ಸಾಮಾನ್ಯವಾಗಿ ಒಪ್ಪುತ್ತಾರೆ. ಎಷ್ಟು ಗಂಟೆ ಮಲಗುತ್ತಾರೆ, ಎಷ್ಟು ಖರ್ಚು ಮಾಡಿದ್ದಾರೆ, ಯಾವಾಗ ಶುರುವಾಯಿತು ಬರೆದುಕೊಳ್ಳಿ. ಹೋದ ವರ್ಷದ್ದನ್ನು ತಪ್ಪದೇ ಹೇಳಿ. ಆಗ ಯಾವುದಾದರೂ ಮಾತ್ರೆ ತಗೊಂಡಿದ್ದರೆ, ಈಗಲೂ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ, ಅದು ಬಹಳ ಮುಖ್ಯ. ಕೈ ಎತ್ತಿದರೆ, ಸಾಯುವ ಮಾತಾಡಿದರೆ ನಾಳೆ ಅಂತಲೂ ನೋಡಬೇಡಿ. ನಿಮ್ಹಾನ್ಸ್ ಎಮರ್ಜೆನ್ಸಿ 24 ಗಂಟೆ ಇರುತ್ತದೆ.

ರಾಜಾಜಿನಗರ_ರಾಯರು

ನಿಮ್ಹಾನ್ಸ್‌ಗಾದರೆ ಬೆಳಿಗ್ಗೆ ಬೇಗ ಹೋಗಪ್ಪ, ಸಾಲು ದೊಡ್ಡದಿರುತ್ತದೆ. ಆಧಾರ್ ಇಟ್ಟುಕೋ. ಹಳೇ ಚೀಟಿ ಎಲ್ಲಾ ತಗೊಂಡು ಹೋಗು. ತಿಂಡಿ ಕಟ್ಟಿಸಿಕೊಂಡು ಹೋಗು, ದಿನವೆಲ್ಲಾ ಹಿಡಿಯಬಹುದು. ಒಬ್ಬನೇ ಹೋಗಬೇಡ, ಅವರ ಮಾತು ಕೇಳುವವರು ಯಾರಾದರೂ ಜೊತೆಗಿರಲಿ. ಸೈಟಿನ ಪತ್ರ ಎಲ್ಲಿದೆ ಅಂತ ನಿಮ್ಮಕ್ಕನನ್ನು ಇವತ್ತೇ ಕೇಳು.